ಅಗಲ ಒಂದೇ, ಎತ್ತರ ಬೇರೆ ಅಲ್ವಾ?

ನನ್ನ ಹಳೇ ಮಾರುತಿ ಝೆನ್ ಕಾರಿಗೆ ಬೇಕಾದದ್ದು 145/70 ಆರ್13 ಟೈರ್, ಅಂದರೆ 145 ಮಿ.ಮೀ. ಅಗಲದ, 13 ಇಂಚಿನ ರಿಮ್‌ಗೆ ಕೂರುವ ಟೈರ್. ಪುಣೆಯ ನಾನಾ ಪೇಠೆಯ ಟೈರ್ ಅಂಗಡಿಗಳಲ್ಲಿ ಎರಡು ಶನಿವಾರ ಅಲೆದೆ. ಸಿಗಲಿಲ್ಲ. ಹೋದಲ್ಲೆಲ್ಲ ಒಂದೇ ಮಾತು: '145/80 ಹಾಕಿಸಿ, ಚಾಲೇಲ್' (ಮರಾಠಿಯಲ್ಲಿ 'ನಡೆಯುತ್ತೆ'). ಹೇಗೆ ಚಾಲೇಲ್? ಆ 80 ಅಂದರೆ ಟೈರಿನ ಪಕ್ಕದ ಎತ್ತರ, ಅಗಲದ ಶೇ. 80ರಷ್ಟು; ನನ್ನ ಗಾಡಿಗೆ ಬೇಕಾದದ್ದು ಶೇ. 70. ಚಕ್ರದ ವ್ಯಾಸ 29 ಮಿ.ಮೀ. ಜಾಸ್ತಿಯಾಗುತ್ತದೆ. ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುವುದರಿಂದ, ಮೀಟರ್ ಗಂಟೆಗೆ 80 ಕಿ.ಮೀ. ತೋರಿಸುವಾಗ ಗಾಡಿ 84ರ ಹತ್ತಿರ ಓಡುತ್ತಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುವ ಭಯ ಬೇರೆ.

155/65 ಆರ್13 ಆದರೆ ವ್ಯಾಸದಲ್ಲಿ ವ್ಯತ್ಯಾಸ ಬರೀ ಒಂದೂವರೆ ಮಿ.ಮೀ. ಅದನ್ನು ತರಿಸಿಕೊಡಿ ಅಂದರೆ ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ಇದೇ ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಖಂಬಾಟ್ಕಿ ಘಾಟ್ ದಾಟಿ ಧಾರವಾಡಕ್ಕೆ ಹೋಗಬೇಕು ನಾನು. ಸುಮ್ನೆ ಏನೋ ಒಂದು ಹಾಕಿಸಿಕೊಂಡು ಹೊರಡಲು ನನಗಂತೂ ಧೈರ್ಯವಿಲ್ಲ.