ಗುಂಡನ ತುರಿಕೆಯೂ ನನ್ನ ಸೀನೂ

ನಾಯಿಗೆ ಅಲರ್ಜಿ ಆದರೆ ನಮ್ಮ ಹಾಗೆ ಮೂಗು ಸುರಿಸಿಕೊಂಡು ಕೂರುವುದು ಕಡಿಮೆ. ಅದು ಕೆರೆದುಕೊಳ್ಳುತ್ತದೆ. ನಮ್ಮ ಗುಂಡ ಲ್ಯಾಬ್ರಡಾರ್, ಆ ಜಾತಿಗೆ ಈ ಕಾಟ ಜಾಸ್ತಿ. ಶುರುವಾಗುವುದೂ ಹೆಚ್ಚಾಗಿ 6 ತಿಂಗಳಿಂದ 3 ವರ್ಷದೊಳಗೆ. ಪುಣೆಯಲ್ಲಿ ಮಳೆ ಹಿಡಿಯಿತೋ ಇಲ್ಲವೋ, ರಾತ್ರಿಯೆಲ್ಲ ಪಂಜ ನೆಕ್ಕುವ ಚಪ ಚಪ. ಬೆರಳ ಸಂದಿಯ ಕೂದಲು ಜೊಲ್ಲಿಗೆ ಕೆಂಪಗಾಗಿ, ಎಲೆಅಡಿಕೆ ಜಗಿದ ಬಾಯಿಯ ಹಾಗೆ ಕಾಣುತ್ತಿತ್ತು.

ಧಾರವಾಡದಿಂದ ಬಂದಿದ್ದ ಅವ್ವ ಒಂದೇ ನೋಟಕ್ಕೆ ತೀರ್ಪು ಕೊಟ್ಟಳು. “ದೃಷ್ಟಿ ಆಗೇದ. ಕೆಳಗಿನ ಮನಿಯಾಕಿ ದಿನಾ ಮರಾಠ್ಯಾಗ ‘ಕಿತಿ ಗೋಡ್’, ಎಷ್ಟ್ ಮುದ್ದು ಅಂತಿರ್ತಾಳಲ್ಲ!”

ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿದ್ದೇ ತಡ, ಕೋಥ್ರುಡ್‌ನ ನಮ್ಮ ಪುಟ್ಟ ಫ್ಲ್ಯಾಟ್ ತುಂಬ ಘಾಟು. ಹೆಂಡತಿ ಕೆಮ್ಮಿದಳು. ಮೊದಲೇ ಧೂಳಿಗೆ ಆಗದ ನಾನು ಸೀನಿ ಸೀನಿ ಸುಸ್ತಾದೆ. ಎದುರುಮನೆಯ ಕಾಕಾ ಏನೋ ಸುಡುತ್ತಿದೆ ಅಂತ ಬಾಗಿಲು ಬಡಿದರು. ಗುಂಡ ಮಾತ್ರ ಬಾಲ್ಕನಿಗೆ ಓಡಿ, ಅಲ್ಲಿ ಆರಾಮಾಗಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದ.

“ಇಷ್ಟು ಘಾಟು ಬಂತಂದ್ರ ದೃಷ್ಟಿ ಇಲ್ಲ ಬಿಡು. ಡಾಕ್ಟರ್ ಕಡೆ ಕರಕೊಂಡು ಹೋಗು” ಅಂದಳು ಅವ್ವ. ಇದಕ್ಕಿಂತ ಖರ್ಚಿಲ್ಲದ ಟೆಸ್ಟ್ ಆಮೇಲೆ ಯಾವುದೂ ಸಿಗಲಿಲ್ಲ.

ಡಾಕ್ಟರು ಮೊದಲು ಚಿಗಟ ಹುಡುಕಿದರು, ಕಿವಿ ನೋಡಿದರು, ಕಂಬಳಿ, ಪರದೆಗಳ ಬಗ್ಗೆ ವಿಚಾರಿಸಿದರು. ನನ್ನ ಮದುವೆಗೆ ಮುಂಚೆ ಮಾವನವರೂ ಇಷ್ಟು ಕೇಳಿರಲಿಲ್ಲ. ವಾಕಿಂಗ್ ಎಲ್ಲಿ ಅಂದರು. ಗುಡ್ಡದ ಬುಡದಲ್ಲಿ ಅಂದೆ. ಅಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದಿದೆ. ನಮ್ಮ ದೇಶದಲ್ಲಿ ಈ ಪಾರ್ಥೇನಿಯಂ ಮೊದಲು ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಇದೇ ಪುಣೆಯಲ್ಲಿ. ಊರಿನ ಮೂಲನಿವಾಸಿಯ ಜೊತೆ ಜಗಳ ಸಾಧ್ಯವೇ? ಅದರ ಪರಾಗ ಇರಬಹುದು, ಹಾಸಿಗೆಯ ಧೂಳಿನ ಹುಳ ಇರಬಹುದು, ಮಳೆಗಾಲದ ಬೂಷ್ಟೂ ಇರಬಹುದು. ಪೂರ್ತಿ ವಾಸಿಯಾಗುವುದಲ್ಲ, ಹತೋಟಿಯಲ್ಲಿಡಬೇಕು ಅಂದರು. ಮಾತ್ರೆ, ಶಾಂಪೂ, ಜೊತೆಗೆ ನೆಕ್ಕಿಕೊಳ್ಳದ ಹಾಗೆ ಕುತ್ತಿಗೆಗೊಂದು ಪ್ಲಾಸ್ಟಿಕ್ ಕೋನ್.

ಕೋನ್ ಹಾಕಿಕೊಂಡ ಮೊದಲ ಸಂಜೆಯೇ ಗುಂಡ, ಅವ್ವ ಪೇಪರ್ ಮೇಲೆ ಬಿಡಿಸಿಟ್ಟಿದ್ದ ಮೆಂತ್ಯ ಸೊಪ್ಪನ್ನು ಅಷ್ಟೂ ಬಾಚಿಕೊಂಡು ಹಾಲ್ ಸುತ್ತಿದ. ತಲೆ ಒದರಿದ. ಟಿವಿ ಮೇಲೆ ಮೆಂತ್ಯ, ಅವ್ವನ ಕನ್ನಡಕದ ಮೇಲೆ ಮೆಂತ್ಯ.

ಈಗ ಮನೆಯಲ್ಲಿ ಕಾರ್ಪೆಟ್ ಇಲ್ಲ. ವಾಕಿಂಗ್ ಮುಗಿಸಿ ಬಂದರೆ ಗುಂಡನ ನಾಲ್ಕೂ ಕಾಲು ತೊಳೆದು, ಬೆರಳ ಸಂದಿಯೂ ತೇವ ಇರದ ಹಾಗೆ ಒರೆಸಬೇಕು. ವಾರಕ್ಕೊಮ್ಮೆ ಅವನ ಹಾಸಿಗೆಗೆ ಬಿಸಿನೀರಿನ ಸ್ನಾನ. 60 ಡಿಗ್ರಿ ಇದ್ದರೆ ಧೂಳಿನ ಹುಳ ಸಾಯುತ್ತದೆ. ಇದೇ ಧೂಳಿಗೆ ವರ್ಷಗಟ್ಟಲೆ ಸೀನಿದವನು ನಾನು. “ಫ್ಯಾನ್ ಕಮ್ಮಿ ಮಾಡ್ಕೊಳ್ಳಿ” ಅನ್ನುವುದಷ್ಟೇ ನನಗೆ ಸಿಕ್ಕ ಚಿಕಿತ್ಸೆ. ಮೊನ್ನೆ ಧೈರ್ಯ ಮಾಡಿ, ನನ್ನ ಬೆಡ್‌ಶೀಟೂ ಬಿಸಿನೀರಿಗೆ ಹಾಕೋಣವಾ ಅಂದೆ.

“ನೋಡೋಣ, ಗುಂಡನದು ಆದ ಮೇಲೆ ನೀರು ಉಳಿದರೆ” ಅಂದಳು ಹೆಂಡತಿ.