ಪರ-ವಿರೋಧ: ಸ್ಟುಡಿಯೋದಲ್ಲಿ ತಿದ್ದಿದ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಎಲ್‌ಪಿಯನ್ನು ಲೈವ್ ಅನ್ನಬಹುದೇ?

ಪರ: ಅನ್ನಬಹುದು

ಎಲ್‌ಪಿ ಅಂದರೆ ಗ್ರಾಮಫೋನ್ ತಟ್ಟೆ, ಲೈವ್ ಅಂದರೆ ಜನರ ಮುಂದೆ ನುಡಿಸುವಾಗಲೇ ರೆಕಾರ್ಡ್ ಮಾಡಿದ್ದು. ಪರವಾಗಿ ಬರೆಯಿರಿ ಎಂದು ನನಗೆ ಹೇಳಿದ್ದಾರೆ. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ನಾನು ಈ ಕಡೆಯೇ ಇದ್ದೇನೆ.

ಮೊದಲು ನಡೆದದ್ದೇನು ನೋಡೋಣ. 1956ರ ಜುಲೈ 7. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವ. ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್ ಅವರ ಬ್ಯಾಂಡ್ ಮುಖ್ಯ ಕಾರ್ಯಕ್ರಮಕ್ಕೆ ಸ್ಟೇಜ್ ಹತ್ತಿದಾಗ ಮಧ್ಯರಾತ್ರಿ ಹತ್ತಿರವಾಗಿತ್ತು. ಹತ್ತಾರು ವಾದಕರ ಬಿಗ್ ಬ್ಯಾಂಡ್‌ಗಳ ಕಾಲ ಮುಗಿಯಿತು ಅಂತ ಜನ ಮಾತಾಡುತ್ತಿದ್ದ ದಿನಗಳು ಅವು. ಅಷ್ಟು ಜನರಿಗೆ ಸಂಬಳ ಕೊಟ್ಟು ಊರೂರು ಸುತ್ತುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಹಿಂದಿನ ವರ್ಷದ ಬೇಸಿಗೆಯಲ್ಲಿ ಎಲಿಂಗ್ಟನ್ ಬ್ಯಾಂಡ್ ಒಂದು ಈಜು ಪ್ರದರ್ಶನಕ್ಕೆ ವಾದ್ಯ ನುಡಿಸಿ ದಿನ ತಳ್ಳಿತ್ತು.

ಆ ರಾತ್ರಿ ಅವರು 1937ರಲ್ಲಿ ಬರೆದಿದ್ದ ‘ಡಿಮಿನ್ಯುಯೆಂಡೋ ಅಂಡ್ ಕ್ರೆಸೆಂಡೋ ಇನ್ ಬ್ಲೂ’ ಎತ್ತಿಕೊಂಡರು. ಅದರ ಎರಡು ಭಾಗಗಳ ನಡುವೆ ಪಾಲ್ ಗಾನ್ಸಾಲ್ವೆಸ್ ಟೆನರ್ ಸ್ಯಾಕ್ಸೊಫೋನ್ ಹಿಡಿದು ಮುಂದೆ ಬಂದರು. 12 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಆವರ್ತನದಂಥ ಅಳತೆ) ಬ್ಲೂಸ್ ಸುತ್ತನ್ನು ಒಂದೇ ಸಮನೆ 27 ಸಲ ನುಡಿಸಿದರು. ಕಪ್ಪು ಉಡುಪಿನ ಹೆಂಗಸೊಬ್ಬರು ಎದ್ದು ಕುಣಿಯತೊಡಗಿದರು. ಆಮೇಲೆ ಇಡೀ ಮೈದಾನ ಎದ್ದಿತು.

ತೊಂದರೆ ಏನಂದರೆ, ಗಾನ್ಸಾಲ್ವೆಸ್ ಊದಿದ್ದು ವಾಯ್ಸ್ ಆಫ್ ಅಮೆರಿಕಾ ರೇಡಿಯೋದ ಮೈಕಿಗೆ. ಎಲ್‌ಪಿ ಹೊರತಂದ ಕೊಲಂಬಿಯಾ ಕಂಪನಿಯ ಟೇಪಿನಲ್ಲಿ ಅವರ ಸೋಲೋ ದೂರದಲ್ಲೆಲ್ಲೋ ನುಡಿಸಿದ ಹಾಗೆ ಸಣ್ಣಗೆ ಬಿದ್ದಿತ್ತು. ಉತ್ಸವಕ್ಕೆಂದೇ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಬರೆದ ಮೂರು ಭಾಗಗಳ ಹೊಸ ಕೃತಿ ತಾಲೀಮು ಸಾಲದೆ ಅಲ್ಲಲ್ಲಿ ಎಡವಿತ್ತು. ನಿರ್ಮಾಪಕ ಜಾರ್ಜ್ ಅವಾಕಿಯನ್ ಏನು ಮಾಡಬೇಕಿತ್ತು? ಜುಲೈ 9ರಂದು ಬ್ಯಾಂಡನ್ನು ಸ್ಟುಡಿಯೋಗೆ ಕರೆಸಿದರು, ಬೇಕಾದ ಭಾಗ ಮತ್ತೆ ನುಡಿಸಲು ಹೇಳಿದರು, ಎರಡನ್ನೂ ಸೇರಿಸಿದರು, ಜನರ ಚಪ್ಪಾಳೆಯ ಸದ್ದನ್ನೂ ಅಂಟಿಸಿದರು. ಟೇಪಿನಲ್ಲಿ ಬೀಳದ್ದನ್ನು ಕೇಳುವವರಿಗೆ ಕೊಡಲು ಬೇರೆ ದಾರಿ ಇರಲಿಲ್ಲ.

ಒಂದು ಮಾತು ನೆನಪಿಡಿ. ಗಾನ್ಸಾಲ್ವೆಸ್ ಸೋಲೋ ಮತ್ತೆ ನುಡಿಸಿದ್ದಲ್ಲ. ಸಣ್ಣಗೆ ಕೇಳಲಿ, ದೊಡ್ಡದಾಗಿ ಕೇಳಲಿ, ಆ 27 ಸುತ್ತುಗಳೂ ಆ ರಾತ್ರಿಯವೇ. ಈ ಎಲ್‌ಪಿ ಎಲಿಂಗ್ಟನ್ ಅವರ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಯಿತು. ಬ್ಯಾಂಡ್ ಉಳಿಯಿತು. 1963ರಲ್ಲಿ ಅದೇ ಬ್ಯಾಂಡ್ ಭಾರತಕ್ಕೂ ಬಂತು. ಅದು ಮುರಿದುಬಿದ್ದಿದ್ದರೆ ಯಾರಿಗೆ ಲಾಭ?

ಇಷ್ಟಕ್ಕೂ ನಾವು ಇಂಥದ್ದನ್ನು ಒಪ್ಪದವರೇನಲ್ಲ. ರಾಜ್‌ಕುಮಾರ್ ತುಟಿಗೆ ಪಿ.ಬಿ. ಶ್ರೀನಿವಾಸ್ ದನಿ ಎಷ್ಟು ವರ್ಷ ಕೇಳಿಲ್ಲ? ಅದನ್ನು ಮೋಸ ಅಂದವರುಂಟೇ?

ಅಂಟಿಸಿದ ಚಪ್ಪಾಳೆಯ ಬಗ್ಗೆ ಕೇಳುತ್ತೀರಿ. ಅದಿಲ್ಲದಿದ್ದರೂ ನಡೆಯುತ್ತಿತ್ತು ಅಂತ ನನಗೂ ಅನಿಸುತ್ತದೆ. ಆದರೆ ಅಷ್ಟಕ್ಕೇ ಇಡೀ ಎಲ್‌ಪಿಯನ್ನು ಸುಳ್ಳು ಅನ್ನುವುದು ಜಾಸ್ತಿಯಾಯಿತು.

ವಿರೋಧ: ಅನ್ನಬಾರದು, ಖಂಡಿತ ಅನ್ನಬಾರದು

ಪಿ.ಬಿ. ಶ್ರೀನಿವಾಸ್ ಹೆಸರು ಟೈಟಲ್ ಕಾರ್ಡಿನಲ್ಲಿ ಇರುತ್ತಿತ್ತು. ಹಾಡಿದವರು ಯಾರು ಅಂತ ಥಿಯೇಟರಿನಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ ನುಡಿಸಿದ್ದಕ್ಕೆ ಜನರ ಚಪ್ಪಾಳೆ ಅಂಟಿಸುವುದು ಬೇರೆಯೇ ಕೆಲಸ. ಅದನ್ನು ಮಾಡುವುದೇ ಕೇಳುವವರನ್ನು ನಂಬಿಸಲಿಕ್ಕೆ. ನನ್ನ ಜಗಳ ಇರುವುದು ಆ ಚಪ್ಪಾಳೆಯ ಮೇಲೇ.

ಸೌಂಡ್ ಚೆನ್ನಾಗಿರಬೇಕಿತ್ತು ಎನ್ನುತ್ತಾರೆ. ಸೌಂಡ್ ಒಂದೇ ಬೇಕಾದವರಿಗೆ ಎಲಿಂಗ್ಟನ್ ಅವರ ಸ್ಟುಡಿಯೋ ರೆಕಾರ್ಡುಗಳು ಬೇಕಾದಷ್ಟಿವೆ, ಅವನ್ನು ಕೇಳಲಿ. ನ್ಯೂಪೋರ್ಟ್ ಹೆಸರಿನ ರೆಕಾರ್ಡ್ ಕೊಳ್ಳುವವರಿಗೆ ಬೇಕಿರುವುದು ನ್ಯೂಪೋರ್ಟ್. ಬ್ಯಾಂಡ್ ಉಳಿಯಿತು ಎನ್ನುತ್ತಾರೆ. ಆಗಸ್ಟ್ 20ರ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಚಿತ್ರವಿತ್ತು. ಆ ಹೊತ್ತಿಗೆ ಉತ್ಸವ ಮುಗಿದು ಆರು ವಾರ ಆಗಿತ್ತು, ಅಷ್ಟೇ. ಬ್ಯಾಂಡನ್ನು ಎತ್ತಿ ನಿಲ್ಲಿಸಿದ್ದು ಮೈದಾನದಲ್ಲಿ ಕುಣಿದ ಜನ, ಕತ್ತರಿ ಹಿಡಿದು ಕೂತವರಲ್ಲ.

ಎಲ್‌ಪಿಯ ಎರಡನೇ ಬದಿಯನ್ನೇ ನೋಡಿ. ಮೊದಲು ‘ಜೀಪ್ಸ್ ಬ್ಲೂಸ್’, ಆಮೇಲೆ ‘ಡಿಮಿನ್ಯುಯೆಂಡೋ’. ನಡೆದದ್ದು ಉಲ್ಟಾ. ಗಾನ್ಸಾಲ್ವೆಸ್ ಮುಗಿಸುವ ಹೊತ್ತಿಗೆ ಜನ ಹುಚ್ಚೆದ್ದು ಹೋಗಿದ್ದರು. ಗಲಾಟೆ ಆದೀತು ಅಂತ ಆಯೋಜಕ ಜಾರ್ಜ್ ವೀನ್‌ಗೆ ದಿಗಿಲು. ಮುಗಿಸಿ ಅಂತ ಸನ್ನೆ ಮಾಡಿದರು. ಎಲಿಂಗ್ಟನ್ ಮುಗಿಸಲಿಲ್ಲ. ಜಾನಿ ಹಾಜಸ್ ಅವರನ್ನು ಮುಂದಕ್ಕೆ ಕರೆದರು. ಆಲ್ಟೋ ಸ್ಯಾಕ್ಸೊಫೋನಿನಲ್ಲಿ ನಿಧಾನವಾಗಿ ‘ಐ ಗಾಟ್ ಇಟ್ ಬ್ಯಾಡ್’, ಅದರ ಹಿಂದೆಯೇ ‘ಜೀಪ್ಸ್ ಬ್ಲೂಸ್’. ಕುದಿಯುತ್ತಿದ್ದ ಜನರನ್ನು ಕೈ ಹಿಡಿದು ಕೂರಿಸಿದ್ದು ಆ ಆಲ್ಟೋ. ಎಲಿಂಗ್ಟನ್ ಎಂಥ ನಾಯಕ ಅನ್ನುವುದು ಆ ಕ್ಷಣದಲ್ಲಿ ಕಾಣುತ್ತದೆ. ಎಲ್‌ಪಿಯಲ್ಲಿ ‘ಜೀಪ್ಸ್ ಬ್ಲೂಸ್’ ಅನ್ನು ಮೊದಲಿಗೆ ತಂದಿಟ್ಟರು. ಅಲ್ಲಿ ಅದು ಬರೀ ಒಂದು ಚೆಂದದ ಬ್ಲೂಸ್, ಯಾಕೆ ನುಡಿಸಿದರು ಅನ್ನುವುದೇ ಇಲ್ಲ.

ನನಗೆ ಯಾಕಿಷ್ಟು ಸಿಟ್ಟು ಅಂತ ಹೇಳಿಬಿಡುತ್ತೇನೆ. ನಮ್ಮ ದೊಡ್ಡಪ್ಪ ಪಿಟೀಲು ನುಡಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಮೈಸೂರಿನಲ್ಲಿ ಒಂದು ರಾಮನವಮಿ ಕಚೇರಿ. ದೊಡ್ಡಪ್ಪ ಕಲ್ಯಾಣಿ ರಾಗದ ಆಲಾಪನೆಯಲ್ಲಿದ್ದಾರೆ, ಗಾಳಿ ಮಳೆ ಶುರುವಾಯಿತು, ಕರೆಂಟ್ ಹೋಯಿತು. ಮೈಕೂ ಸತ್ತಿತು. ಅವರು ಬಿಲ್ಲು ನಿಲ್ಲಿಸಲಿಲ್ಲ. ಜನ ಎದ್ದು ಹೋಗುತ್ತಾರೆ ಅಂದುಕೊಂಡರೆ, ಜಮಖಾನ ಎಳೆದುಕೊಂಡು ಸ್ಟೇಜಿನ ಕಾಲಿಗೆ ಬಂದು ಕೂತರು. ಪೆಂಡಾಲಿನಲ್ಲಿ ಇನ್ನೂರು ಜನ ಇದ್ದರೆ ಹೆಚ್ಚು. ದೊಡ್ಡಮ್ಮನ ಟೇಪ್ ರೆಕಾರ್ಡರ್ ಬ್ಯಾಟರಿ ಮೇಲೆ ಓಡುತ್ತಿತ್ತು. ಅದರಲ್ಲಿ ಎಲ್ಲವೂ ಇದೆ. ತಗಡಿನ ಮೇಲೆ ಮಳೆ, ಜಮಖಾನ ಎಳೆಯುವ ಸದ್ದು, “ಸ್ವಲ್ಪ ಸರೀರಿ, ಮಕ್ಳು ಕೂತ್ಕೊಳ್ಲಿ” ಅನ್ನುವ ಯಾರದೋ ದನಿ, ಇಷ್ಟರ ನಡುವೆ ದೊಡ್ಡಪ್ಪನ ಕಲ್ಯಾಣಿ. ಮೈಕಿದ್ದಾಗ ನುಡಿಸಿದ್ದಕ್ಕಿಂತ ಮೈಕಿಲ್ಲದೆ ನುಡಿಸಿದ್ದು ಚೆನ್ನಾಗಿತ್ತು. ಹತ್ತಿರ ಕೂತವರಿಗೆ ನುಡಿಸುವಾಗ ಕೈ ಬೇರೆಯೇ ಆಗುತ್ತದೆ.

ಆಮೇಲೆ ಒಂದು ಕ್ಯಾಸೆಟ್ ಕಂಪನಿಯವರು ಆ ಕಚೇರಿಯನ್ನು ಹೊರತಂದರು. ಅವರದೇ ರೆಕಾರ್ಡಿಂಗ್. ಕರೆಂಟ್ ಹೋದ ಭಾಗವೇ ಇಲ್ಲ. ಆಲಾಪನೆಯ ಅರ್ಧ ಹಾರಿಸಿ ನೇರವಾಗಿ ಕೃತಿಗೆ ಬಂದಿದ್ದರು. ಕೊನೆಗೆ ಸಾವಿರಾರು ಜನರ ಚಪ್ಪಾಳೆ! ದೊಡ್ಡಪ್ಪ ಒಂದು ಸಲ ಕೇಳಿ ಕ್ಯಾಸೆಟ್ ತೆಗೆದಿಟ್ಟರು. “ಇವರ್ಯಾರೂ ಅಲ್ಲಿ ಇರಲಿಲ್ಲಪ್ಪ” ಅಂದರು. ಮಳೆಯಲ್ಲಿ ಕೂತು ಕೇಳಿದ ಆ ಇನ್ನೂರು ಜನರನ್ನು ಅಳಿಸಿ ಹಾಕಿದ್ದರು. ದೊಡ್ಡಪ್ಪನಿಗೆ ಅದೇ ನೋವು, ನನಗೂ ಅದೇ.

ನ್ಯೂಪೋರ್ಟಿನಲ್ಲೂ ಅಂಥ ಜನ ಇದ್ದರು. ಕೌಂಟ್ ಬೇಸಿ ಬ್ಯಾಂಡಿನಲ್ಲಿದ್ದ ಡ್ರಮ್ಮರ್ ಜೋ ಜೋನ್ಸ್ ಸ್ಟೇಜಿನ ಪಕ್ಕದಲ್ಲಿ ಸುರುಳಿ ಸುತ್ತಿದ ಪೇಪರ್ ಬಡಿಯುತ್ತಾ ತಾಳ ಹಾಕುತ್ತಿದ್ದರು. ಎಲಿಂಗ್ಟನ್ ಪಿಯಾನೋ ಹಿಂದಿನಿಂದ ಕೂಗಿ ಕೂಗಿ ಹುರಿದುಂಬಿಸುತ್ತಿದ್ದರು. 27 ಸುತ್ತು ಅಂದರೆ 324 ಬಾರ್. ಒಬ್ಬ ಮನುಷ್ಯ ಅಷ್ಟು ದೂರ ಒಬ್ಬನೇ ಹೋಗಲಾರ. ಆ ಜನವೇ ಹೊತ್ತು ನಡೆಸಿದರು. ಅವರ ನಿಜವಾದ ಕೂಗಿನ ಮೇಲೆ ಬೇರೆಲ್ಲಿಂದಲೋ ತಂದ ಚಪ್ಪಾಳೆ ಸುರಿಯಲು ಯಾರಿಗೂ ಹಕ್ಕಿರಲಿಲ್ಲ.

ಬೇರೆ ದಾರಿ ಇರಲಿಲ್ಲ ಅನ್ನುವ ಮಾತೂ ನಿಲ್ಲುವುದಿಲ್ಲ. ವಾಯ್ಸ್ ಆಫ್ ಅಮೆರಿಕಾದ ಟೇಪ್ 1990ರ ದಶಕದಲ್ಲಿ ಸಿಕ್ಕಿತು. ಅದರಲ್ಲಿ ಗಾನ್ಸಾಲ್ವೆಸ್ ಎದೆಗೆ ಬಡಿಯುವಷ್ಟು ಹತ್ತಿರ. ಜಾಝ್ ಇತಿಹಾಸಕಾರ ಫಿಲ್ ಶಾಪ್ ಅದನ್ನೂ ಕೊಲಂಬಿಯಾ ಟೇಪನ್ನೂ ಒಂದಕ್ಕೊಂದು ಹೊಂದಿಸಿದರು. ಎರಡು ಮೋನೋ ಟೇಪುಗಳಿಂದ ಸ್ಟೀರಿಯೋ ಆಯಿತು. 1999ರಲ್ಲಿ ಎರಡು ಸಿಡಿಗಳಲ್ಲಿ ಪೂರ್ಣ ಕಾರ್ಯಕ್ರಮ ಬಂತು. ಎಡವಿದ ಕೃತಿಯೂ ಎಡವಿದ ಹಾಗೇ ಇದೆ. ಕೇಳಿ ನೋಡಿ, ಏನೂ ಕೆಟ್ಟಿಲ್ಲ. ಹಾಜಸ್ ತಮ್ಮ ಜಾಗಕ್ಕೆ ವಾಪಸ್ ಬಂದಿದ್ದಾರೆ. ಸ್ಟುಡಿಯೋದಲ್ಲಿ ನುಡಿಸಿದ್ದನ್ನೂ ಬಿಸಾಡಿಲ್ಲ. ಅದನ್ನು ಸ್ಟುಡಿಯೋದ್ದು ಅಂತಲೇ ಹೇಳಿ ಬೇರೆ ಇಟ್ಟಿದ್ದಾರೆ. ಅದಕ್ಕೆ ನನ್ನ ತಕರಾರು ಒಂದಿಷ್ಟೂ ಇಲ್ಲ.

ಹಳೆಯ ಎಲ್‌ಪಿಯನ್ನು ಇನ್ನು ಮುಂದೆ ಹೊರತರುವವರು ದಯವಿಟ್ಟು ಹೊದಿಕೆಯ ಮುಂದೆಯೇ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಒಂದು ಸಾಲು ಹಾಕಲಿ: ಇದರಲ್ಲಿ ಕೆಲವು ಭಾಗ 1956ರ ಜುಲೈ 9ರಂದು ಸ್ಟುಡಿಯೋದಲ್ಲಿ ನುಡಿಸಿದ್ದು, ಚಪ್ಪಾಳೆ ಆಮೇಲೆ ಸೇರಿಸಿದ್ದು.