ಭರತನ ಪಾಲು

ಶರಾವತಿ ನಮ್ಮ ಕಡೆಯವಳು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ತಡೆದು ನಿಂತು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಸಾಗರದವನಾದ ನನಗೆ ಘಾಟಿ ಇಳಿದು ಹೊನ್ನಾವರಕ್ಕೆ ಹೋಗುವುದೆಂದರೆ ಮದುವೆ ಮಾಡಿಕೊಟ್ಟ ಮಗಳ ಮನೆಗೆ ಹೋದ ಹಾಗೆ. ಗತ್ತು ತುಸು ಜಾಸ್ತಿ.

ಅಲ್ಲಿನ ಕಾಂಡ್ಲಾವನದ, ಅಂದರೆ ಮ್ಯಾಂಗ್ರೋವ್ ಕಾಡಿನ, ನಡುವೆ ಕಯಾಕ್ ನಡೆಸುವ ಆಸೆ ಹೆಂಡತಿಯದು. ದೋಣಿಯವರು ಲೈಫ್ ಜಾಕೆಟ್ ತೊಡಿಸುತ್ತಾ, "ಭರತ ಬರುವುದರೊಳಗೆ ವಾಪಸು ಬಂದುಬಿಡಿ" ಎಂದರು. ಭರತ ಸಂಜೆ ಪಾಳಿಯ ಹುಡುಗನಿರಬೇಕು, ಸ್ವಲ್ಪ ಸಿಡುಕನೂ ಇದ್ದಾನು ಎಂದುಕೊಂಡೆ. ಅವನನ್ನು ಸಮಾಧಾನಪಡಿಸಲು ಹೆಂಡತಿ ಬುತ್ತಿಯ ಕೊಟ್ಟೆಕಡುಬಿನಲ್ಲಿ ಎರಡನ್ನು ತೆಗೆದಿಟ್ಟಳು.

ನಾನು ಹೊಳೆದಂಡೆಯಲ್ಲಿ ಹುಟ್ಟಿದವನೇ ಹೊರತು ಹುಟ್ಟು ಹಿಡಿದವನಲ್ಲ. ಮೊದಲ ಹತ್ತು ನಿಮಿಷ ಇದ್ದಲ್ಲೇ ಗಿರಕಿ ಹೊಡೆದೆವು. ನನ್ನ ಹುಟ್ಟಿನ ನೀರೆಲ್ಲ ಹಿಂದೆ ಕುಳಿತವಳ ಮುಖಕ್ಕೆ. "ರೀ, ನನ್ನ ಸ್ನಾನ ಬೆಳಿಗ್ಗೆಯೇ ಆಗಿದೆ" ಎಂದಳು. ಆಮೇಲೆ ಹದ ಸಿಕ್ಕಿತು. ನನ್ನ ಲೆಕ್ಕ ಸರಳ: ಹೋಗುವಾಗ ಮೇಲಕ್ಕೆ ಹುಟ್ಟು ಹಾಕುವುದು, ಬರುವಾಗ ಕೈಕಟ್ಟಿ ಕುಳಿತರೆ ಹೊಳೆಯೇ ತಂದುಬಿಡುತ್ತದೆ. ಕೆಸರಿನಿಂದ ಎದ್ದು ನಿಂತ ಬೇರುಗಳನ್ನು ನೋಡಿ, ಕಡುಬು ತಿಂದು, ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.

ಕಯಾಕ್ ಹೊರಟಿತು, ಗೇರುಸೊಪ್ಪೆಯ ಕಡೆಗೆ.

"ಹೊಳೆ ಹಿಂದಕ್ಕೆ ಹರಿಯುತ್ತಿದೆಯಲ್ಲ!" ಎಂದು ಕೂಗಿದೆ.

"ನಿಮ್ಮನ್ನು ನೋಡಿ ತವರು ನೆನಪಾಗಿರಬೇಕು, ಹೊರಟಿದ್ದಾಳೆ."

ಅರ್ಧ ಗಂಟೆ ಬೆವರು ಸುರಿಸಿ ಹುಟ್ಟು ಹಾಕಿದೆವು. ಎಡಗಡೆಯ ಅದೇ ಕೊಂಬೆ, ಅದರ ಮೇಲೆ ಅದೇ ಮಿಂಚುಳ್ಳಿ. ಅದು ಎರಡು ಮೀನು ಹಿಡಿದು ತಿಂದಿತು. ನಾವು ಅಲ್ಲೇ ಇದ್ದೆವು.

ಕೊನೆಗೆ ದೋಣಿಯವರೇ ಮೋಟಾರು ದೋಣಿ ತಂದು, ನಮ್ಮ ಕಯಾಕಿಗೆ ಹಗ್ಗ ಕಟ್ಟಿ ಎಳೆದರು. ಇಲ್ಲಿ ಸಮುದ್ರದ ಉಬ್ಬರಕ್ಕೆ ಭರತ ಎನ್ನುವುದಂತೆ. ದಿನಕ್ಕೆರಡು ಬಾರಿ ಬಂದು ಹೊಳೆಯನ್ನೇ ಹಿಂದಕ್ಕೆ ತಳ್ಳುತ್ತದಂತೆ. "ನೀವು ಘಟ್ಟದ ಮೇಲಿನವರಲ್ಲವೇ?" ಎಂದರು, ಇನ್ನೇನೂ ಕೇಳುವುದು ಬೇಡವೆನ್ನುವಂತೆ.

ದಡ ಮುಟ್ಟಿದ ಮೇಲೆ ಹೆಂಡತಿ ಭರತನ ಪಾಲಿನ ಪೊಟ್ಟಣವನ್ನು ಅವರ ಕೈಗಿತ್ತಳು. ಅವರು ಹಲಸಿನೆಲೆ ಬಿಡಿಸಿ, ಒಂದು ತುಂಡು ಬಾಯಿಗೆ ಹಾಕಿಕೊಂಡು, ನನ್ನತ್ತ ನೋಡಿದರು.

"ಚಟ್ನಿ ತಂದಿಲ್ಲವೇ?"